ಅಜ್ಜಿಯ ಎಡಗೈ

ನಮ್ಮ ಮನೆಯಲ್ಲಿ ಕುರಿಯ ತಲೆ ಬಿಡಿಸುವ ಹಕ್ಕು ಅಜ್ಜಿಯದು. ಅಪ್ಪ ಮಚ್ಚು ಹಿಡಿದು ತೊಡೆ, ಪಕ್ಕೆ, ಬೆನ್ನು ಏನನ್ನು ಬೇಕಾದರೂ ಕಡಿಯಬಹುದು, ತಲೆಗೆ ಮಾತ್ರ ಕೈಹಾಕುವಂತಿಲ್ಲ. ಮಚ್ಚಿನ ಏಟಿಗೆ ಒಳಗಿನದು ಚೂರಾಗುತ್ತದೆ ಎಂದು ಅವಳ ದೂರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಬೆಳಗ್ಗೆ ಹಿತ್ತಿಲ ಬಾಗಿಲಲ್ಲಿ ಕೂತು, ಸುಟ್ಟು ಹೆರೆದ ತಲೆಯನ್ನು ಮುಂದಿಟ್ಟುಕೊಂಡು, ಅಂಗೈಯಗಲದ ಗುಂಡುಕಲ್ಲಿನಿಂದ ಬುರುಡೆಯ ಸುತ್ತ ಮೆಲ್ಲಗೆ ತಟ್ಟುತ್ತ ಹೋಗುವಳು. ಬುರುಡೆಯ ಮೇಲೆ ಹೊಲಿಗೆ ಹಾಕಿದ ಹಾಗೆ ಗೆರೆಗಳಿರುತ್ತವೆ. ಆ ಗೆರೆಗಳನ್ನು ಹಿಡಿದೇ ತಟ್ಟಬೇಕು. ಸ್ವಲ್ಪ ಹೊತ್ತಿಗೆ ಮೂಳೆ ಮುಚ್ಚಳದಂತೆ ಎದ್ದು ಬರುತ್ತಿತ್ತು. ಕೆಳಗೆ ತೆಳ್ಳನೆಯ ಪೊರೆ, ಪೊರೆಯ ಕೆಳಗೆ ಮಡಿಕೆ ಮಡಿಕೆಯಾಗಿ ಮಿದುಳು. ಹಿತ್ತಿಲಲ್ಲಿ ಹೊಗೆ ಇನ್ನೂ ಆಡುತ್ತಿರುತ್ತಿತ್ತು, ಆ ಹೊಗೆಯಾಚೆ ಕರಿಘಟ್ಟದ ಬೆಟ್ಟ ನೆಲ ಬಿಟ್ಟು ನಿಂತಂತೆ ಕಾಣುತ್ತಿತ್ತು. ಅಜ್ಜಿ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸುವಳು.

"ನೋಡು ಮಗ, ಎಲ್ಡು ಓಳು ಅವೆ. ಇಂದುಗಡೆ ಈ ಪುಟಾಣಿ ಬ್ಯಾರೆ. ಇಲ್ಲಿಂದ ಬೆನ್ನೊಳಗೆ ಇಳ್ದು ಬಾಲದ ಬುಡದಗಂಟ ಒಂದೇ ದಾರ. ಕುರಿ ಓಡದು, ಮೇಯದು, ಅರಚದು, ಎಲ್ಲಾ ಇದ್ರದ್ದೇ ಕಾರುಬಾರು."

ಅಪ್ಪ ಬೆನ್ನುಮೂಳೆ ಕಡಿಯುವಾಗಲೂ ಅವಳು ಪಕ್ಕದಲ್ಲಿರುತ್ತಿದ್ದಳು. ಕಡಿದ ತುಂಡುಗಳ ನಡುವಿನಿಂದ ಆ ಬಿಳಿಯ ಹುರಿಯನ್ನು ತುಂಡಾಗದಂತೆ ಎಳೆದು ತೆಗೆದು, ನನ್ನ ಕಣ್ಣ ಮುಂದೆ ತೂಗಿಸಿ, ಪಾತ್ರೆಗೆ ಹಾಕುವಳು. ಎಷ್ಟೋ ವರ್ಷಗಳ ಮೇಲೆ ನಾನು ನರ್ಸ್ ಆಗಲು ಕಲಿಯುತ್ತಿದ್ದಾಗ ಗಾಜಿನ ಜಾಡಿಯಲ್ಲಿ ಮನುಷ್ಯನ ಮಿದುಳು ತೋರಿಸಿದರು. ಜೊತೆಯ ಹುಡುಗಿಯರೆಲ್ಲ ಸೆರಗನ್ನು ಮೂಗಿಗೆ ಒತ್ತಿಕೊಂಡರು. ನನಗೆ ಹಸಿವಾಯಿತು. ನಾಚಿಕೆಯಿಂದ ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಮ್ಮ ಊರು ದೇವರ ಗುಡಿಯಿರುವ ಆ ಬೆಟ್ಟದ ಕೆಳಗೆ, ಲೋಕಪಾವನಿ ಹೊಳೆಯ ದಂಡೆಗೆ. ಪಿತೃಪಕ್ಷ ಕಳೆದು ಚಳಿ ಶುರುವಾದರೆ ಹೊಳೆಯ ಮಂಜು ಅಂಗಳ ದಾಟಿ ನಡುಮನೆಗೂ ಬರುತ್ತಿತ್ತು. ನಿದ್ದೆಗಣ್ಣಿನಲ್ಲಿ ನೋಡಿದರೆ ನಾಲ್ಕು ಕಂಬಗಳು ಮಾತ್ರ ಕಾಣುತ್ತಿದ್ದವು, ಅವುಗಳ ನಡುವೆ ಅಜ್ಜಿ, ಅವ್ವ, ಅಪ್ಪ ಮೊಣಕಾಲಿಂದ ಮೇಲಷ್ಟೇ ಇರುವವರಂತೆ ಓಡಾಡುತ್ತಿದ್ದರು. ಈಗಲೂ ಆ ಮನೆ ನನಗೆ ಹಾಗೆಯೇ ಬರುತ್ತದೆ. ಯಾವ ಬಾಗಿಲು ಯಾವ ಕೋಣೆಯದು ಎಂದು ಕೇಳಿದರೆ ತಡವರಿಸುತ್ತೇನೆ, ಆದರೆ ಪ್ರತಿ ಕಂಬದ ನುಣುಪು ಅಂಗೈಗೆ ಗೊತ್ತಿದೆ. ಅಡುಗೆಮನೆಯ ಪಕ್ಕದ ಕಂಬಕ್ಕೆ ನಮ್ಮಲ್ಲಿ ವಿಶೇಷ ಮರ್ಯಾದೆಯಿತ್ತು. ಅಜ್ಜಿಗೆ ಸಿಟ್ಟು ಬಂದರೆ ಮಾತು ಬಿಡುವಳು. ಎದುರುಮನೆಯಲ್ಲಿದ್ದ ಸ್ವಂತ ತಂಗಿಯ ಜೊತೆ ಬಾವಿಹಗ್ಗದ ವಿಷಯಕ್ಕೆ ನಾಲ್ಕು ವರ್ಷ ಮಾತು ಬಿಟ್ಟಿದ್ದಳು. ಅವ್ವನ ಜೊತೆ ವರ್ಷಕ್ಕೆರಡು ಸಲ ಬಿಡುವುದು ಇದ್ದೇ ಇತ್ತು. ಆಗ ಹೇಳಬೇಕಾದ್ದನ್ನೆಲ್ಲ ಆ ಕಂಬಕ್ಕೆ ಹೇಳುವಳು: "ಕಂಬವೇ, ಸಾರಿಗೆ ಉಪ್ಪಿಲ್ಲ ಅಂತ ಯೋಳು." ಅವ್ವ ಉಪ್ಪು ತಂದು ಕಂಬದ ಬುಡದಲ್ಲಿಡುವಳು. ಹೀಗೆ ಹತ್ತು ಹದಿನೈದು ದಿನ ನಡೆದು ತಾನೇ ಸರಿಹೋಗುತ್ತಿತ್ತು.

ಎಡೆಯ ದಿನದ ಇನ್ನೊಂದು ಕಟ್ಟಳೆಯೆಂದರೆ, ಮಿದುಳು ಸ್ಕೂಲಿಗೆ ಹೋಗುವ ಗಂಡುಮಗುವಿಗೆ. ಉಪ್ಪು ಅರಿಶಿನದಲ್ಲಿ ಬೇಯಿಸಿ, ತುಪ್ಪ ಮೆಣಸಿನಲ್ಲಿ ಹುರಿದು, ಬುದ್ಧಿ ಬರಲಿ ಎಂದು ಅಜ್ಜಿ ತಾನೇ ಅಣ್ಣ ಬೋರನ ಎಲೆಗೆ ಬಡಿಸುವಳು. ಬೋರ ವರ್ಷವರ್ಷವೂ ತಿಂದ, ವರ್ಷವರ್ಷವೂ ಅದೇ ಕ್ಲಾಸಿನಲ್ಲಿ ಕೂತ. ಆ ವರ್ಷ ನನ್ನನ್ನೂ ಸ್ಕೂಲಿಗೆ ಹಾಕಿದ್ದರು. ಅವ್ವ ನಾಗಮಂಗಲದ ಕಡೆಯವಳು, ಮಳೆ ನೋಡಿ ಉಣ್ಣುವ ಸೀಮೆಯಿಂದ ಬಂದವಳು, ಯಾರಿಗೂ ತಲೆ ತಗ್ಗಿಸಿದವಳಲ್ಲ. ಅಜ್ಜಿ ಬಾಣಲೆ ಇಳಿಸಿ ಆ ಕಡೆ ತಿರುಗಿದ ಹೊತ್ತಿನಲ್ಲಿ ಅವ್ವ ಒಂದು ಹೋಳನ್ನು ಎತ್ತಿ ನನ್ನ ಎಲೆಗೆ ಹಾಕಿದಳು.

"ಏನೇ ಕೆಂಪಿ ಅದು?" ಅಜ್ಜಿ ತಿರುಗಿ ನೋಡಿ ಕೇಳಿದಳು.

"ನನ್ ಮಗ್ಳೂವೆ ಸ್ಕೂಲ್ಗೋಯ್ತಾವ್ಳೆ ಅತ್ತೆ. ಅವ್ಳಿಗೂ ಅರ್ಧ."

"ಎಣ್ಣುಮಗೀಗೆ ತಲೆಮಾಂಸವಾ? ಯಾವ ಸೀಮೆ ಪದ್ಧತಿಯೇ ಇದು?"

"ನಾಗಮಂಗ್ಲದ ಸೀಮೇದು."

ಅಜ್ಜಿ ಸೌಟು ಕೆಳಗಿಟ್ಟಳು. ಅವಳ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿದ್ದು ನೆನಪಿದೆ.

"ಈ ಮನೇಲಿ ನನ್ ಮಾತಿಗೆ ಬೆಲೆ ಓಯ್ತು. ಇನ್ ಆಡದೇ ಇಲ್ಲ ಬುಡು."

ಇಬ್ಬರೂ ನನ್ನನ್ನು ನೋಡಲಿಲ್ಲ. ನಾನು ಅಷ್ಟರಲ್ಲಿ ಆ ಹೋಳನ್ನು ಬಾಯಿಗೆ ಹಾಕಿಕೊಂಡಿದ್ದೆ. ಅಗಿಯಬೇಕಾಗಿಯೇ ಇರಲಿಲ್ಲ, ನಾಲಿಗೆಯ ಮೇಲೆ ತಾನೇ ಕರಗಿತು. ಇವತ್ತಿಗೂ ಅಂಥ ರುಚಿ ನಾನು ಬೇರೆ ಕಂಡಿಲ್ಲ.

ಮರುದಿನ ಬೆಳಗ್ಗೆ ಅಜ್ಜಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಮಾತು ಬಿಟ್ಟಿದ್ದಾಳೆ ಎಂದು ಯಾರೂ ಅಚ್ಚರಿಪಡಲಿಲ್ಲ. ಅವ್ವ ಮುದ್ದೆ ಇಟ್ಟರೆ ಎಡಗೈಯಲ್ಲಿ ಮುರಿದು ತಿಂದಳು. ಬೇಕೆಂದೇ ಅನ್ನಕ್ಕೆ ಅವಮಾನ ಮಾಡುತ್ತಿದ್ದಾಳೆ ಎಂದು ಅವ್ವ ಹಲ್ಲು ಕಚ್ಚಿಕೊಂಡಳು. ತುಟಿಯ ಬಲತುದಿ ಕೊಂಚ ಕೆಳಗೆ ಜಾರಿತ್ತು. ಅವ್ವನನ್ನು ಕಂಡರೆ ಮೂತಿ ಸೊಟ್ಟ ಮಾಡುತ್ತಾಳೆ ಎಂದು ಎದುರುಮನೆಯ ಚಿಕ್ಕಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಳು. ಬಲಗಾಲು ಎಳೆದು ನಡೆದರೆ, ಕಾಲು ನೆಲಕ್ಕೆ ಉಜ್ಜಿ ಸಿಟ್ಟು ತೋರಿಸುತ್ತಾಳೆ ಎಂದರು. ಅಜ್ಜಿಯ ಸಿಟ್ಟನ್ನು ನಾವೆಲ್ಲ ಅಷ್ಟು ಚೆನ್ನಾಗಿ ಬಲ್ಲವರು, ಅದಕ್ಕೇ ಬೇರೇನೂ ನಮಗೆ ಕಾಣಲಿಲ್ಲ. ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಈ ಸಲ ಅವಳು ಕಂಬಕ್ಕೂ ಏನೂ ಹೇಳುತ್ತಿರಲಿಲ್ಲ.

ವಾರ ಕಳೆಯಿತು. ಅಪ್ಪನಿಗೆ ತಾಯಿಯ ಮೌನ ತಡೆಯಲಾಗಲಿಲ್ಲ. ಅಜ್ಜಿಯ ಕಾಲಿಗೆ ಬೀಳು ಎಂದು ಅವ್ವನಿಗೆ ಹೇಳಿದ. ಅವ್ವ ಒಂದು ದಿನ ಕೇಳಲಿಲ್ಲ, ಎರಡು ದಿನ ಕೇಳಲಿಲ್ಲ, ಮೂರನೆಯ ದಿನ ಜಗಲಿಗೆ ಬಂದು ನಾಲ್ಕು ಜನರ ಎದುರಿಗೇ ಅಜ್ಜಿಯ ಪಾದಕ್ಕೆ ಹಣೆ ಇಟ್ಟಳು. ಅವ್ವ ಯಾರಿಗಾದರೂ ಬಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿಯ ಕಣ್ಣು ತುಂಬಿತು. ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಅವಳು ಎಡಗೈ ಚಾಚಿ ಅವ್ವನ ತಲೆಯ ಮೇಲಿಟ್ಟಳು.

"ಅಯ್ಯಯ್ಯೋ, ಸೊಸೆ ನೆತ್ತಿ ಮ್ಯಾಲೆ ಎಡಗೈ ಮಡುಗ್ಬುಟ್ಲಲ್ಲಪ್ಪಾ!" ಚಿಕ್ಕಜ್ಜಿ ಕಿರುಚಿದಳು.

ಕುಂಕುಮ ಇಟ್ಟರೂ ಬಲಗೈ, ಒಳ್ಳೆಯದಾಗಲಿ ಎಂದರೂ ಬಲಗೈ. ಎಡಗೈ ಎಂದರೆ ಶಾಪವೇ ಸೈ ಎಂದು ಜಗಲಿಯಲ್ಲಿದ್ದವರೆಲ್ಲ ತಿಳಿದರು. ಅವ್ವ ಎದ್ದು ನಿಂತಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

"ನಮ್ಮವ್ವನ ಕ್ವಾಪ ಇಳಿಯೋಗಂಟ ನಿಮ್ಮಪ್ಪನ ಮನೇಲಿ ಇರೋಗು," ಎಂದ ಅಪ್ಪ, ನೆಲ ನೋಡಿಕೊಂಡು.

ಮರುದಿನವೇ ಅವ್ವ ಗಾಡಿ ಹತ್ತಿದಳು. ನನ್ನನ್ನು ಕರೆದುಕೊಂಡು ಹೋಗಲು ಬಿಡಲಿಲ್ಲ. ಗಾಡಿ ತಿರುವಿನಲ್ಲಿ ಮಂಜಿನೊಳಗೆ ಹೋಯಿತು, ಗಂಟೆಯ ಸದ್ದು ಮಾತ್ರ ಬಹಳ ಹೊತ್ತು ಕೇಳಿಸುತ್ತಿತ್ತು. ನಾಲ್ಕು ದಿನಕ್ಕೆಲ್ಲ ಚಿಕ್ಕಜ್ಜಿ ಅಪ್ಪನ ಪಕ್ಕದಲ್ಲಿ ಕೂತು, ಪಾಲಹಳ್ಳಿಯಲ್ಲಿ ಒಂದು ಹೆಣ್ಣಿದೆ, ಅತ್ತೆಗೆ ತಗ್ಗಿ ಬಗ್ಗಿ ನಡೆಯುವಂಥದು ಎಂದು ಶುರುಮಾಡಿದಳು. ಅಪ್ಪ ಎದ್ದು ಹೋಗದೆ ಕೇಳಿಸಿಕೊಂಡ.

ಇದೆಲ್ಲ ಯಾರಿಂದ ಆಯಿತೆಂದು ನನಗೊಬ್ಬಳಿಗೇ ಗೊತ್ತಿತ್ತು. ಕುರಿಯ ಮಿದುಳಿನ ಅರ್ಧ ನಾನು ತಿಂದೆ, ಅಜ್ಜಿಯ ಮಾತು ಹೋಯಿತು. ಅವಳ ಮಾತೆಲ್ಲ ಆ ಅರ್ಧದಲ್ಲಿತ್ತು, ಈಗ ಅದು ನನ್ನ ಹೊಟ್ಟೆಯಲ್ಲಿದೆ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದರೆ ಹೊಟ್ಟೆಯೊಳಗೆ ಗುಳುಗುಳು ಎಂದು ಏನೋ ಮಾತಾಡುವುದು ಕೇಳಿಸುತ್ತಿತ್ತು. ಅದು ಅಜ್ಜಿಯ ದನಿ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಅಜ್ಜಿ ನಿದ್ದೆಹೋದಾಗ ಅವಳ ಕಿವಿಗೆ ಬಾಯಿಟ್ಟು, ಒಳಗಿದ್ದುದೆಲ್ಲ ಅತ್ತ ಹೋಗಲಿ ಎಂದು ಊದುತ್ತಿದ್ದೆ. ಅವಳು ಕಣ್ಣು ಬಿಟ್ಟು ನನ್ನ ಕೆನ್ನೆ ಸವರುವಳು, ಎಡಗೈಯಲ್ಲೇ. ಹೇಳಿದರೆ ನನ್ನನ್ನೂ ಎಲ್ಲಿಗಾದರೂ ಕಳಿಸುತ್ತಾರೆಂದು ಹೆದರಿಕೆ, ಹೇಳದಿದ್ದರೆ ಅವ್ವ ಬರುವುದಿಲ್ಲ. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಗುಟ್ಟನ್ನು ಹೊತ್ತ ಮೇಲೆ ಮುಂದೆ ರೋಗಿಗಳ ಗುಟ್ಟುಗಳು ನನಗೆ ಭಾರವೆನಿಸಲೇ ಇಲ್ಲ.

ಅವ್ವ ಹೋದ ಮೇಲೆ ರಾಗಿ ಬೀಸುವವರಿರಲಿಲ್ಲ. ಒಂದು ಬೆಳಗಿನ ಜಾವ ಅಜ್ಜಿ ತಾನೇ ತೆವಳಿ ಹೋಗಿ ಬೀಸುಕಲ್ಲಿನ ಮುಂದೆ ಕೂತು ನನ್ನನ್ನು ಎದುರಿಗೆ ಕರೆದಳು. ಗೂಟಕ್ಕೆ ಅವಳ ಎಡಗೈ, ನನ್ನ ಎರಡೂ ಕೈ. ಕಲ್ಲು ಎರಡು ಸುತ್ತು ತಿರುಗಿತು, ಮೂರು ಸುತ್ತು ತಿರುಗಿತು. ಆಗ ಅಜ್ಜಿಯ ಗಂಟಲಿನಿಂದ ಪದ ಎದ್ದಿತು.

"ಕರಿಗಿರಿಯ ಮ್ಯಾಲೆ ಮಂಜು ಬಂದು ಕುಂತೈತೆ
ಬೀಸಮ್ಮ ತಂಗಿ, ಬೆಳಕಾಯ್ತು..."

ಒಂದು ಮಾತೂ ತೊದಲಲಿಲ್ಲ. ಹಿಟ್ಟು ಉದುರುತ್ತಿತ್ತು, ಪದ ಬರುತ್ತಿತ್ತು, ನಾನು ಕನಸಿನಲ್ಲಿದ್ದೇನೆಂದೇ ತಿಳಿದು ಕಲ್ಲು ನಿಲ್ಲಿಸಲು ಹೆದರಿದೆ. ಊದಿದ್ದು ಫಲಿಸಿತು ಎಂದು ಕೊನೆಗೆ ಗೂಟ ಬಿಟ್ಟು ಕೂಗಿದೆ.

"ಅಜ್ಜೀ, ಮಾತು ಬಂತಲ್ಲಾ! ನನ್ನೆಸ್ರು ಕರಿ, ನಿಂಗಿ ಅನ್ನು!"

ಅಜ್ಜಿ ನನ್ನನ್ನು ನೋಡಿ ಬಾಯಿ ತೆರೆದಳು. ತುಟಿ ನಡುಗಿತು, ಹಣೆಯಲ್ಲಿ ಬೆವರೊಡೆಯಿತು, ನಾಲಿಗೆ ಒಳಗೇ ಹೊರಳಾಡಿತು. ಒಂದು ಅಕ್ಷರವೂ ಹೊರಗೆ ಬರಲಿಲ್ಲ. ಅವಳು ಎಡಗೈಯಿಂದ ಬಾಯಿಗೆ ಹೊಡೆದುಕೊಂಡು ಅತ್ತಳು. ಆಗ ನನಗೆ ತಿಳಿಯಿತು, ಅಜ್ಜಿ ಮಾತು ಬಿಟ್ಟಿಲ್ಲ, ಮಾತೇ ಅವಳನ್ನು ಬಿಟ್ಟಿದೆ. ಓಡಿಹೋಗಿ ಅಪ್ಪನನ್ನು ಕರೆದುಕೊಂಡು ಬಂದೆ. ನಾವು ಮತ್ತೆ ಕಲ್ಲು ತಿರುಗಿಸಿದೆವು, ಅಜ್ಜಿ ಮತ್ತೆ ಹಾಡಿದಳು. ಆದರೆ ಅಪ್ಪನ ಮುಖ ಅರಳುವ ಬದಲು ಕಪ್ಪಿಟ್ಟಿತು.

"ಕಲ್ಲಿಗೆ ಪದ ಯೋಳ್ತಾಳೆ. ಎತ್ತ ಮಗಂಗೆ ಒಂದ್ ಮಾತಿಲ್ಲ. ಆಯ್ತು ಬುಡವ್ವ, ನಿನ್ನಿಷ್ಟ. ನಾಳಿದ್ದು ಪಾಲಳ್ಳಿಗೆ ಓಗ್ಬತ್ತೀನಿ."

ನಾನು ಮಾಡಿದ ಉಪಕಾರ ಅದು.

ಮಾರನೆಯ ದಿನ ಪಟ್ಟಣದ ಆಸ್ಪತ್ರೆಯಿಂದ ಸಿಡುಬು ಬಾರದಂತೆ ತೋಳಿಗೆ ದಾಕು ಹಾಕಲು ಡಾಕ್ಟರು ನಮ್ಮ ಊರ ಚಾವಡಿಗೆ ಬಂದರು. ನಮ್ಮವರಿಗೆ ಪಟ್ಟಣವೆಂದರೆ ಶ್ರೀರಂಗಪಟ್ಟಣವೇ. ತೆಳ್ಳಗೆ, ಬೆಳ್ಳಗೆ, ಕೋಟಿನ ಜೇಬಿನಲ್ಲಿ ಮಸಿಯ ಕಲೆ ಇದ್ದ ಮನುಷ್ಯ. ಸಾಲಿನಲ್ಲಿ ನನ್ನ ಸರದಿ ಬಂದಾಗ ತೋಳು ಹಿಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಯಾಕಮ್ಮ? ಇನ್ನೂ ಚುಚ್ಚೇ ಇಲ್ವಲ್ಲ."

"ಕುರಿ ಮಿದ್ಳು ತಿಂದ್ರೆ ಅಜ್ಜಿ ಮಾತು ಓಯ್ತದಾ ಸ್ವಾಮಿ?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮಾತು ಹೇಗೆ ಹೋಯಿತು, ಊಟ ಯಾವ ಕೈಯಲ್ಲಿ ಮಾಡುತ್ತಾರೆ ಎಂದು ಒಂದೊಂದಾಗಿ ಕೇಳಿದರು. ದಾಕು ಹಾಕುವುದು ಮುಗಿದ ಮೇಲೆ ಯಾರೂ ಕರೆಯದೆಯೇ ನನ್ನ ಹಿಂದೆ ಮನೆಗೆ ಬಂದರು. ಅಪ್ಪ ಗಾಬರಿಯಾಗಿ ಚಾಪೆ ಹಾಸಿದ. ಡಾಕ್ಟರು ಅಜ್ಜಿಗೆ ಎರಡೂ ಕೈ ಎತ್ತಲು ಹೇಳಿದರು. ಎಡಗೈ ಎದ್ದಿತು, ಬಲಗೈ ಮಡಿಲಲ್ಲೇ ಬಿದ್ದಿತ್ತು. ಮೊಣಕಾಲ ಕೆಳಗೆ ಅಂಗೈ ಅಂಚಿನಿಂದ ಹೊಡೆದರು, ಬಲಗಾಲು ಝಾಡಿಸಿತು. ಪೆನ್ನಿನ ಹಿಂತುದಿಯಿಂದ ಅಂಗಾಲು ಗೀರಿದರು, ಹೆಬ್ಬೆರಳು ಮೇಲೆದ್ದಿತು.

"ಕಾಲು ಅಳ್ಳಾಡ್ತು! ಜೀವ ಐತಲ್ಲಾ ಸ್ವಾಮಿ?" ಎಂದ ಅಪ್ಪ.

"ಅದು ಬೆನ್ನುಹುರಿಯ ಕೆಲಸ ಗೌಡ್ರೆ. ಬೆಂಕಿ ಮುಟ್ಟಿದರೆ ಉರಿ ಅಂತ ತಲೆಗೆ ಗೊತ್ತಾಗೋಕೆ ಮುಂಚೇನೇ ಕೈ ಹಿಂದಕ್ಕೆ ಬರುತ್ತಲ್ಲ, ಹಾಗೆ. ಬೆನ್ನುಹುರಿ ಚೆನ್ನಾಗೇ ಇದೆ. ಮೇಲಿಂದ ಹೇಳೋರಿಲ್ಲ, ಅಷ್ಟೆ."

ಒಲೆಯಿಂದ ಇದ್ದಲು ತರಿಸಿಕೊಂಡು ನೆಲದ ಮೇಲೆ ಬರೆದರು. ನಾನು ನೋಡುತ್ತಿದ್ದಂತೆ ಎರಡು ಹೋಳು ಮೂಡಿದವು, ಹಿಂದೆ ಪುಟಾಣಿ, ಕೆಳಗೆ ಉದ್ದಕ್ಕೆ ಹುರಿ. ಅಜ್ಜಿ ಮುಂದಕ್ಕೆ ಬಾಗಿ ನೋಡಿದಳು. ಅವಳಿಗೆ ಅದರ ಗುರುತು ಹತ್ತಿತು ಎಂದು ನನಗೆ ಅನ್ನಿಸಿತು.

"ಹಿಂದಿನ ಈ ಚಿಕ್ಕದು ಬೀಳದೆ ನಡೆಯೋ ಹಾಗೆ ನೋಡ್ಕೊಳ್ಳುತ್ತೆ. ಇಲ್ಲಿ ಬುಡದಲ್ಲಿ ಉಸಿರು, ಎದೆಬಡಿತ. ಅಲ್ಲಿಗೇನೂ ಆಗಿಲ್ಲ, ಅದಕ್ಕೇ ಉಳಿದಿದ್ದಾರೆ. ಪೆಟ್ಟು ಬಿದ್ದಿರೋದು ಈ ಎಡಗಡೆ ಹೋಳಿಗೆ. ರಕ್ತ ಹೋಗೋ ನಾಳ ಕಟ್ಟಿಕೊಂಡಿದೆ. ಮಾತು ಇರೋದು ಅಲ್ಲೇ. ಬಲಗೈ ಬಲಗಾಲು ಆಡಿಸೋದೂ ಅದೇ."

"ಎಡಗಡೇದು ಬಲಗೈನಾ?" ಎಂದ ಅಪ್ಪ.

"ಹೌದು. ನರಗಳು ಕುತ್ತಿಗೆ ಹತ್ತಿರ ಕತ್ತರಿ ಹಾಕ್ಕೊಂಡು, ಆ ಕಡೇವು ಈ ಕಡೆ ಇಳಿಯುತ್ತವೆ," ಎಂದು ಡಾಕ್ಟರು ಹುರಿಯ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದರು.

"ಅಂಗ್ಯಾಕೆ? ನೆಟ್ಟುಗೆ ಇಳಿದಿದ್ರೆ ಏನಾಗದು?"

"ಮಾಡಿದವನನ್ನೇ ಕೇಳಬೇಕು. ನಿಮ್ಮ ಬೆಟ್ಟದ ಮೇಲೇ ಇದ್ದಾನಲ್ಲ."

ಅಪ್ಪ ನಗಲಿಲ್ಲ. ಪದ ಹೇಗೆ ಹೇಳುತ್ತಾಳೆ ಎಂದು ಕೇಳಿದ. ಹಾಡಿಗೆ ಬಲಗಡೆಯ ಹೋಳು ಆಸರೆ ಕೊಡುತ್ತದೆ, ಅದು ಉಳಿದಿದೆ ಎಂದರು ಡಾಕ್ಟರು. ಮಾತು ಬರಬಹುದು, ಬರದೆಯೂ ಇರಬಹುದು, ಬಲಗೈ ಮಾತ್ರ ಬಹುಶಃ ಹೀಗೆಯೇ ಎಂದರು. ಅವರು ಸುಳ್ಳು ಧೈರ್ಯ ಹೇಳಲಿಲ್ಲ. ಮುಂದೆ ನಾನೂ ಯಾರಿಗೂ ಹಾಗೆ ಹೇಳಲಿಲ್ಲ.

ಎಡಗಡೆಯ ಹೋಳು ಎಂದು ಕೇಳಿದ್ದೇ ನನ್ನ ಎದೆ ಒಡೆದುಹೋಗಿತ್ತು. ನಾನು ತಿಂದದ್ದೂ ಅದೇ, ಅಣ್ಣ ತಿಂದದ್ದು ಇನ್ನೊಂದು ಎಂದು ಕೂಗಿ ಅಲ್ಲೇ ಎಲ್ಲರ ಎದುರಿಗೆ ಒಪ್ಪಿಕೊಂಡೆ.

"ಎಡಗಡೇದೇ ಅಂತ ಹೇಗೆ ಗೊತ್ತು?" ಡಾಕ್ಟರು ಗಂಭೀರವಾಗಿ ಕೇಳಿದರು. "ಕುರಿಯ ಮುಖ ನಿನ್ನ ಕಡೆ ಇತ್ತೋ, ಗೋಡೆ ಕಡೆ ಇತ್ತೋ?"

ನನಗೆ ನೆನಪಿರಲಿಲ್ಲ. ಎದ್ದು ನಿಂತು ನನ್ನ ಎಡ, ಕುರಿಯ ಎಡ ಎಂದು ಆ ಕಡೆ ಈ ಕಡೆ ತಿರುಗಿ ನೋಡಿದೆ.

"ತಿಂದಿದ್ದು ಹೊಟ್ಟೆಗೆ ಹೋಗುತ್ತಮ್ಮ, ತಲೆಗಲ್ಲ. ಇನ್ನೊಂದು ಹೋಳು ನಿಮ್ಮಣ್ಣ ತಿಂದನಲ್ಲ, ಅವನಿಗೆ ಮಗ್ಗಿ ಬಂತೇ?"

"ಇಲ್ಲ," ಎಂದ ಬೋರ ತಾನೇ, ಕಂಬದ ಹಿಂದಿನಿಂದ.

ಅಪ್ಪ ಮಾತ್ರ ಇದ್ದಲಿನ ಚಿತ್ರದ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಕತ್ತರಿ ಹಾಕಿದ ಗೆರೆಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯುತ್ತಿದ್ದ. ಬೆರಳು ನಿಲ್ಲಿಸಿ ಅಜ್ಜಿಯ ಎಡಗೈ ನೋಡಿದ.

"ಇರೋ ಕೈಯ್ಯ ಮಡಿಗಿದ್ದಾಳೆ. ನಾವು ಏನೇನೋ ತಿಳ್ಕಂಡ್ವಿ."

ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅವನು ಸದ್ದುಮಾಡಿ ಅತ್ತ. ಮಧ್ಯಾಹ್ನಕ್ಕೆ ಗಾಡಿ ಕಟ್ಟಿದ. ಚಿಕ್ಕಜ್ಜಿ ಎದುರು ಜಗಲಿಯಿಂದ, "ಪಾಲಳ್ಳಿಗೇನಪ್ಪಾ?" ಎಂದಳು. ಅವನು ಎತ್ತುಗಳನ್ನು ನಾಗಮಂಗಲದ ಹಾದಿಗೆ ತಿರುಗಿಸಿದ.

ಎರಡು ದಿನ ನಾನು ಬಾಗಿಲಲ್ಲೇ ಇದ್ದೆ. ಅವ್ವ ಬರುವಳೋ ಇಲ್ಲವೋ ಎಂದು ಅಜ್ಜಿಯನ್ನು ಕೇಳುತ್ತಿದ್ದೆ, ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೆ. ಅಜ್ಜಿ ಬಲಗೈಯನ್ನು ಎಡಗೈಯಿಂದ ತೊಡೆಯ ಮೇಲೆ ಎತ್ತಿಟ್ಟುಕೊಂಡು ಹಾದಿ ನೋಡುತ್ತಿದ್ದಳು. ಮೂರನೆಯ ದಿನ ಹೊತ್ತೇರಿ ಮಂಜು ಕರಗುತ್ತಿದ್ದಾಗ ಗಾಡಿ ಬಂತು. ಅವ್ವ ಇಳಿದಳು. ನಾನು ಓಡಿಹೋಗಿ ಸೀರೆ ಹಿಡಿದುಕೊಂಡರೂ ಅವಳು ನನ್ನನ್ನು ಎತ್ತಿಕೊಳ್ಳಲಿಲ್ಲ. ಅಪ್ಪ ಹಾದಿಯುದ್ದಕ್ಕೂ ಎಲ್ಲ ಹೇಳಿದ್ದನಂತೆ. ಹೊಸ್ತಿಲ ಹೊರಗೆ ನಿಂತಳು.

"ಅತ್ತೆ, ನಾನು ಒಳಿಕ್ಕೆ ಬರ್ಲಾ, ಬ್ಯಾಡ್ವಾ?"

ಅಜ್ಜಿ ಗೋಡೆ ಹಿಡಿದು ಎದ್ದಳು. ಬಾಯಿ ತೆರೆದಳು, ಮುಚ್ಚಿದಳು. ಕಾಲೆಳೆದುಕೊಂಡು ಹೊಸ್ತಿಲಿಗೆ ಬಂದು, ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿ ಅವ್ವನ ತಲೆಯ ಮೇಲಿಡಲು ನೋಡಿದಳು. ಆ ಕೈ ಅವ್ವನ ಭುಜದ ಮೇಲೆ ಬಿದ್ದು ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಅಪ್ಪ ಹಿಡಿಯಲು ಮುಂದೆ ಬಂದ. ಅವ್ವ ಅವನನ್ನು ಪಕ್ಕಕ್ಕೆ ಸರಿಸಿದಳು. ಅಜ್ಜಿಯ ಬಲಗೈಯನ್ನು ಮೆಲ್ಲಗೆ ಕೆಳಗಿಳಿಸಿ, ಎಡಗೈ ಹಿಡಿದೆಳೆದು ತನ್ನ ನೆತ್ತಿಯ ಮೇಲೆ ಒತ್ತಿಕೊಂಡಳು.

"ಇದ್ನೇ ಮಡುಗಿ ಅತ್ತೆ. ಅವತ್ತೂ ಇದೇ ಕೈಲಿ ಒಳ್ಳೇದಾಗ್ಲಿ ಅಂದಿದ್ರಿ. ನಂಗೇ ಗೊತ್ತಾಗ್ನಿಲ್ಲ."